ಎಮು ನುಡಿದ ಸಾಕ್ಷಿ

1990ರ ಆಸುಪಾಸಿನಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ರೈತರಿಗೆ ಎಮು ಹುಚ್ಚು ಹಿಡಿದಿತ್ತು. ಆಳೆತ್ತರ ನಿಲ್ಲುವ, 40 ಕಿಲೋಗೂ ಮೀರಿ ತೂಗುವ, ಹಾರಲು ಬಾರದ ಈ ಆಸ್ಟ್ರೇಲಿಯಾದ ಹಕ್ಕಿ ಟೆಕ್ಸಾಸ್, ಒಕ್ಲಹೋಮ, ಲೂಸಿಯಾನಾಗಳ ದನದ ದೊಡ್ಡಿಗಳಿಗೆ ಬಂದು ಸೇರಿತ್ತು. ಇದರ ಮಾಂಸ ದನದ ಮಾಂಸದಂತೆಯೇ ಕೆಂಪು, ಕೊಬ್ಬು ಮಾತ್ರ ಕಡಿಮೆ. ಬೆನ್ನಿನ ಕೊಬ್ಬಿನಿಂದ ತೆಗೆದ ಎಣ್ಣೆ ಕೀಲುನೋವಿಗೆ ರಾಮಬಾಣ. ಚರ್ಮದಿಂದ ಬೂಟು, ಬೆಲ್ಟು. ಹೀಗೆಲ್ಲ ಪ್ರಚಾರ ನಡೆದಿತ್ತು. ಮೊಟ್ಟೆ ಇಡುವ ಒಂದು ಜೋಡಿ ಎಮುವಿನ ಬೆಲೆ ಹತ್ತಾರು ಸಾವಿರ ಡಾಲರಿಗೆ ಏರಿತ್ತು. ಕೊಳ್ಳುವವರು ಯಾರೆಂದು ನೋಡಿದರೆ ಬಹುಪಾಲು ಹೊಸದಾಗಿ ಎಮು ಸಾಕಲು ಹೊರಟ ಇನ್ನೊಬ್ಬ ರೈತ. ತಿನ್ನುವವನಿನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ.

ಇಷ್ಟು ಬೆಲೆಬಾಳುವ ಹಕ್ಕಿ ಸೀನಿದರೂ ಯಜಮಾನನ ಎದೆ ಹೊಡೆದುಕೊಳ್ಳುತ್ತಿತ್ತು. ಅಂಥ ಕಾಲದಲ್ಲಿ, 1991ರಲ್ಲಿ, ಲೂಸಿಯಾನಾದ ಒಂದು ಫಾರಂನಲ್ಲಿ ಎಮುಗಳು ಇದ್ದಕ್ಕಿದ್ದಂತೆ ಕುಸಿದು ಬೀಳತೊಡಗಿದವು. ಮೊದಲು ಮಂಕು ಹಿಡಿದು ನಿಲ್ಲುತ್ತಿದ್ದವು. ಆಮೇಲೆ ರಕ್ತ ಬೆರೆತ ಭೇದಿ. ತಿಂದದ್ದೆಲ್ಲ ರಕ್ತದೊಂದಿಗೆ ವಾಂತಿ. ಚಿಕಿತ್ಸೆಯ ಮಾತು ಬರುವ ಮೊದಲೇ ಹಕ್ಕಿ ಸತ್ತಿರುತ್ತಿತ್ತು. ಹಿಂಡಿನ ಮುಕ್ಕಾಲು ಪಾಲಿಗೆ ರೋಗ ತಗುಲಿತು, ತಗುಲಿದವುಗಳಲ್ಲಿ ಹೆಚ್ಚಿನವು ಸತ್ತವು. ಹೊಟ್ಟೆ ಕೊಯ್ದು ನೋಡಿದರೆ ಕರುಳಿನ ಉದ್ದಕ್ಕೂ ರಕ್ತಸ್ರಾವ. ವಿಷಪ್ರಾಶನವೋ, ಕರುಳಿನ ಸೋಂಕೋ ಎಂದು ಯಾರಾದರೂ ಊಹಿಸುವಂಥ ಲಕ್ಷಣ. ಪ್ರಯೋಗಾಲಯದ ಉತ್ತರ ಬೇರೆಯೇ ಇತ್ತು. ಅದು ಅಮೆರಿಕದ ಪೂರ್ವ ತೀರದ ಕುದುರೆ ಸಾಕುವವರಿಗೆ ತಲೆಮಾರುಗಳಿಂದ ಗೊತ್ತಿದ್ದ ಮಿದುಳು ಜ್ವರದ ವೈರಸ್: ಈಸ್ಟರ್ನ್ ಈಕ್ವೈನ್ ಎನ್ಸೆಫಲೈಟಿಸ್, ಚಿಕ್ಕದಾಗಿ ಟ್ರಿಪಲ್ ಇ.

ಕುದುರೆಯ ಮಿದುಳನ್ನು ಕೊಲ್ಲುವ ವೈರಸ್ ಎಮುವಿನ ಕರುಳಿಗೆ ಬಂದದ್ದು ಹೇಗೆ? ಅದಕ್ಕೆ ಅರವತ್ತು ವರ್ಷ ಹಿಂದಕ್ಕೆ ಹೋಗಬೇಕು.

1830ರ ದಶಕದಲ್ಲಿಯೇ ಮೆಸಾಚುಸೆಟ್ಸ್‌ನಲ್ಲಿ ಕುದುರೆಗಳು ತೂಕಡಿಸಿ, ಗೋಡೆಗೆ ತಲೆಯೊತ್ತಿ, ಸುತ್ತು ತಿರುಗಿ ಸತ್ತ ದಾಖಲೆಗಳಿವೆ. ಆದರೆ ರೋಗಕಾರಕ ಕೈಗೆ ಸಿಕ್ಕಿದ್ದು 1930ರ ನಂತರ. ಮೊದಲು ಸಿಕ್ಕಿದ್ದು ಪಶ್ಚಿಮದ ತಳಿ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯಲ್ಲಿ 1930ರ ಬೇಸಗೆಯಲ್ಲಿ ಸಾವಿರಾರು ಕುದುರೆಗಳು ಕಾಯಿಲೆ ಬಿದ್ದಾಗ, ಕಾರ್ಲ್ ಮೇಯರ್ ಎಂಬ ಸ್ವಿಸ್ ಮೂಲದ ಪಶುವೈದ್ಯ ವಿಜ್ಞಾನಿಗೆ ಬೇಕಾಗಿದ್ದುದು ಆಗಷ್ಟೇ ರೋಗ ಹಿಡಿದ ಕುದುರೆಯ ಹಸಿ ಮಿದುಳು. ಸತ್ತು ಹಳತಾದ ಕುದುರೆಯಿಂದ ವೈರಸ್ ಬೇರ್ಪಡುತ್ತಿರಲಿಲ್ಲ. ಒಬ್ಬ ರೈತನ ಬಳಿ ಅಂಥ ಕುದುರೆಯಿತ್ತು. ಅವನೋ ಹತ್ತಿರ ಸುಳಿಯಗೊಡಲಿಲ್ಲ. ಮೇಯರ್ ಅವನ ಹೆಂಡತಿಯ ಕೈಗೆ 20 ಡಾಲರ್ ಇಟ್ಟರು. ಗಂಡ ನಿದ್ದೆ ಹೋದಾಗ ಆಕೆ ಕಿಟಕಿಯಿಂದ ಸನ್ನೆ ಮಾಡಿದಳು. ಇವರು ಕತ್ತಲಲ್ಲಿ ಒಳನುಗ್ಗಿ ಕುದುರೆಯ ತಲೆ ಕತ್ತರಿಸಿಕೊಂಡು ಓಡಿದರು. ಮೇಯರ್ ಮುಂದೆ ತಾವೇ ಹೇಳಿಕೊಂಡ ಕಥೆ ಇದು. ಆ ತಲೆಯಿಂದ ವೆಸ್ಟರ್ನ್ ಈಕ್ವೈನ್ ಎನ್ಸೆಫಲೈಟಿಸ್ ವೈರಸ್ ಹೊರಬಂತು.

ಮೂರು ವರ್ಷ ಕಳೆದು, 1933ರಲ್ಲಿ, ಪೂರ್ವ ತೀರದ ನ್ಯೂಜೆರ್ಸಿ, ಡೆಲಾವೇರ್, ಮೇರಿಲ್ಯಾಂಡ್, ವರ್ಜೀನಿಯಾಗಳಲ್ಲಿ ಕುದುರೆಗಳು ಸಾಯತೊಡಗಿದವು. ಪ್ರಿನ್ಸ್‌ಟನ್‌ನಲ್ಲಿದ್ದ ರಾಕ್‌ಫೆಲರ್ ಸಂಸ್ಥೆಯ ಕಾರ್ಲ್ ಟೆನ್‌ಬ್ರೂಕ್ ಮತ್ತು ಮಾಲ್ಕಂ ಮೆರಿಲ್ ಅವುಗಳ ಮಿದುಳಿನಿಂದ ಪಡೆದ ವೈರಸ್ ಮೇಯರರ ವೈರಸ್ಸಿಗೆ ದಾಯಾದಿಯಷ್ಟೇ ಹೊರತು ಅದೇ ಆಗಿರಲಿಲ್ಲ. ಕೊಲ್ಲುವುದರಲ್ಲಿ ಅದಕ್ಕಿಂತ ಬಹಳ ಮುಂದಿತ್ತು. ಅದೇ ವರ್ಷ ಅಮೆರಿಕದ ಸೈನ್ಯದ ಪಶುವೈದ್ಯ ರೇಮಂಡ್ ಕೆಲ್ಸರ್ ಪಶ್ಚಿಮದ ತಳಿಯನ್ನು ಸೊಳ್ಳೆಯ ಮೂಲಕ ಪ್ರಾಣಿಯಿಂದ ಪ್ರಾಣಿಗೆ ದಾಟಿಸಿ ತೋರಿಸಿದ್ದರು. ಸೊಳ್ಳೆಯೇ ವಾಹಕವೆಂಬ ಅನುಮಾನಕ್ಕೆ ಆಧಾರ ಸಿಕ್ಕಿತು.

1938ರ ಬೇಸಗೆಯ ಕೊನೆಗೆ ಮೆಸಾಚುಸೆಟ್ಸ್‌ನಲ್ಲಿ ರೋಗ ಮನುಷ್ಯರಿಗೆ ಬಂತು. ಕಾಯಿಲೆ ಬಿದ್ದ ಮೂವತ್ತಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಮಕ್ಕಳು. ಸತ್ತವರು ಸುಮಾರು 25. ಸತ್ತ ಮಕ್ಕಳ ಮಿದುಳಿನಲ್ಲಿ ಕುದುರೆಯ ವೈರಸ್ಸೇ ಇತ್ತು. ಅದೇ ವರ್ಷ ನೆರೆಯ ಕನೆಕ್ಟಿಕಟ್‌ನಲ್ಲಿ ಬೇಟೆಗೆಂದು ಸಾಕುತ್ತಿದ್ದ ಫೆಸೆಂಟ್ ಹಕ್ಕಿಗಳು ಸತ್ತವು. ಅವುಗಳಲ್ಲೂ ಅದೇ ವೈರಸ್. ಪ್ರಕೃತಿಯಲ್ಲಿ ಹಕ್ಕಿಗೂ ಈ ರೋಗಕ್ಕೂ ಸಂಬಂಧವಿದೆ ಎನ್ನುವುದಕ್ಕೆ ಸಿಕ್ಕ ಮೊದಲ ಗಟ್ಟಿ ಪುರಾವೆಗಳಲ್ಲಿ ಅದೊಂದು. ಮಕ್ಕಳು, ಕುದುರೆ, ಫೆಸೆಂಟ್ ಮೂವರೂ ಒಂದೇ ಋತುವಿನಲ್ಲಿ, ಒಂದೇ ಸೀಮೆಯಲ್ಲಿ ಸತ್ತಿದ್ದರು. ಆದರೂ ಮಕ್ಕಳ ಲೆಕ್ಕ ಆಸ್ಪತ್ರೆಯಲ್ಲಿ, ಕುದುರೆಯ ಲೆಕ್ಕ ಕೃಷಿ ಇಲಾಖೆಯಲ್ಲಿ, ಫೆಸೆಂಟಿನ ಲೆಕ್ಕ ಬೇಟೆ ವನ್ಯಜೀವಿಗಳ ಕಚೇರಿಯಲ್ಲಿ ಉಳಿಯುವ ಪದ್ಧತಿ ಮುಂದಿನ ಅರವತ್ತು ವರ್ಷವೂ ಬದಲಾಗಲಿಲ್ಲ.

ವೈರಸ್ಸಿನ ಮನೆ ಎಲ್ಲಿ ಎಂಬುದು ತಿಳಿದದ್ದು 1951ರಲ್ಲಿ. ಕ್ಯುಲಿಸೆಟಾ ಮೆಲನ್ಯೂರಾ ಎಂಬ ಸೊಳ್ಳೆಯಲ್ಲಿ ವೈರಸ್ ಸಿಕ್ಕಿತು, ಸಿಕ್ಕಿದ್ದು ಲೂಸಿಯಾನಾದಲ್ಲಿ. ನಲವತ್ತು ವರ್ಷಗಳ ನಂತರ ಎಮುಗಳು ಸತ್ತದ್ದೂ ಅದೇ ರಾಜ್ಯದಲ್ಲಿ. ಈ ಸೊಳ್ಳೆಯ ಸ್ವಭಾವ ವಿಚಿತ್ರ. ಮನೆಯ ಹಿಂದಿನ ಡ್ರಮ್ಮು, ಟೈರುಗಳಲ್ಲಿ ಅದು ಮೊಟ್ಟೆಯಿಡುವುದಿಲ್ಲ. ಸೀಡರ್, ಕೆಂಪು ಮೇಪಲ್ ಮರಗಳು ಬೆಳೆಯುವ ಜೌಗು ಕಾಡಿನಲ್ಲಿ, ಮರದ ಬೇರುಗಳ ಅಡಿಯ ಪೊಟರೆಗಳಲ್ಲಿ ಕತ್ತಲಲ್ಲಿ ನಿಂತ ತಣ್ಣನೆಯ ನೀರು ಅದರ ಮರಿಗಳ ಮನೆ. ಮದ್ದು ಸಿಂಪಡಿಸುವವನ ಕೈ ಅಲ್ಲಿಗೆ ನಿಲುಕದು. ದೊಡ್ಡದಾದ ಮೇಲೂ ಅದು ಕಚ್ಚುವುದು ಹೆಚ್ಚಾಗಿ ಹಕ್ಕಿಗಳನ್ನೇ. ಜೌಗಿನ ಪುಟ್ಟ ಹಾಡುಹಕ್ಕಿಗಳ ರಕ್ತದಲ್ಲಿ ವೈರಸ್ ಕೆಲವು ದಿನ ಬೆಳೆದು, ಬೇರೆ ಸೊಳ್ಳೆಗೆ ದಾಟಿ, ಹಕ್ಕಿ ಏನೂ ಆಗದಂತೆ ಹಾರಿಕೊಂಡಿರುತ್ತದೆ. ಸಾವಿರಾರು ವರ್ಷಗಳ ಒಡನಾಟದಲ್ಲಿ ಎರಡೂ ಒಂದಕ್ಕೊಂದು ಹೊಂದಿಕೊಂಡಿವೆ. ಮಳೆ ಹೆಚ್ಚಾದ ವರ್ಷಗಳಲ್ಲಿ ಹಕ್ಕಿಯನ್ನೂ ದನವನ್ನೂ ಮನುಷ್ಯನನ್ನೂ ಭೇದವಿಲ್ಲದೆ ಕಚ್ಚುವ ಬೇರೆ ಜಾತಿಯ ಸೊಳ್ಳೆಗಳು ಈ ಸೋಂಕನ್ನು ಜೌಗಿನಿಂದ ಹೊರಗೆ ತರುತ್ತವೆ. ಕುದುರೆಯಲ್ಲಿ, ಮನುಷ್ಯನಲ್ಲಿ ವೈರಸ್ ಮಿದುಳಿಗೆ ಹೋಗಿ ನಿಲ್ಲುತ್ತದೆ. ಮತ್ತೊಂದು ಸೊಳ್ಳೆಗೆ ಅಂಟುವಷ್ಟು ಪ್ರಮಾಣ ರಕ್ತದಲ್ಲಿ ಇರುವುದಿಲ್ಲ. ಅಲ್ಲಿಗೆ ಅದರ ದಾರಿ ಮುಗಿಯಿತು.

ಎಮುವಿನ ಕಥೆ ಹಾಗಲ್ಲ. ಆಸ್ಟ್ರೇಲಿಯಾದಲ್ಲಿ ಈ ವೈರಸ್ ಇಲ್ಲ. ಎಮುವಿನ ಪೂರ್ವಜರು ಇದನ್ನು ಕಂಡೇ ಇರಲಿಲ್ಲ. ಏಷ್ಯಾದಿಂದ ತಂದ ಫೆಸೆಂಟ್, ಯುರೋಪಿನಿಂದ ತಂದ ಗುಬ್ಬಚ್ಚಿ, ಆಸ್ಟ್ರೇಲಿಯಾದ ಎಮು: ಟ್ರಿಪಲ್ ಇ ತಗುಲಿ ಸಾಯುವ ಹಕ್ಕಿಗಳ ಪಟ್ಟಿಯಲ್ಲಿ ಹಲವು ಹೊರಗಿನಿಂದ ಬಂದವು. ಎಮುವಿನ ರಕ್ತದಲ್ಲಿ ವೈರಸ್ ವಿಪರೀತ ಪ್ರಮಾಣದಲ್ಲಿ ಬೆಳೆಯುತ್ತದೆ. ಭೇದಿಯಲ್ಲಿ, ವಾಂತಿಯಲ್ಲಿ ಹೊರಬೀಳುತ್ತದೆ. ಎಮುವಿಗೆ ಕಂಡದ್ದನ್ನೆಲ್ಲ ಕುಕ್ಕುವ ಚಾಳಿ. ಕಾಯಿಲೆಯ ಹಕ್ಕಿ ಕಕ್ಕಿದ್ದನ್ನು ಪಕ್ಕದ ಹಕ್ಕಿ ಕುಕ್ಕಿದರೆ ಸೊಳ್ಳೆಯ ಹಂಗಿಲ್ಲದೆಯೂ ಸೋಂಕು ದಾಟಬಲ್ಲದು. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಎಳೆದು ಹಾಕುವ ರೈತನಿಗೂ, ಕೊಯ್ದು ನೋಡುವ ಪಶುವೈದ್ಯನಿಗೂ ಅದು ಅಪಾಯವೇ. ಅದೇ ಹೊತ್ತಿನಲ್ಲಿ ಟೆಕ್ಸಾಸ್‌ನ ಎಮುಗಳಿಗೆ ಪಶ್ಚಿಮದ ತಳಿಯೂ ತಗುಲಿತು. ಅದು ಸೌಮ್ಯ, ಬಹಳಷ್ಟು ಹಕ್ಕಿಗಳು ಚೇತರಿಸಿಕೊಂಡವು. ಪೂರ್ವದ ತಳಿ ಬಂದ ಹಿಂಡು ಮಾತ್ರ ಉಳಿಯುವುದು ಕಷ್ಟವಿತ್ತು.

ಇದಕ್ಕೆ ಮೊದಲೇ ಒಂದು ಎಚ್ಚರಿಕೆ ಸಿಕ್ಕಿತ್ತು. 1984ರಲ್ಲಿ ಮೇರಿಲ್ಯಾಂಡಿನ ಪಟುಕ್ಸೆಂಟ್ ವನ್ಯಜೀವಿ ಸಂಶೋಧನಾ ಕೇಂದ್ರದಲ್ಲಿ ಅಳಿವಿನಂಚಿನ ವೂಪಿಂಗ್ ಕೊಕ್ಕರೆಗಳನ್ನು ಸಾಕಿ ಬೆಳೆಸುತ್ತಿದ್ದರು. ಅಲ್ಲಿದ್ದ 39 ಕೊಕ್ಕರೆಗಳಲ್ಲಿ 7 ಟ್ರಿಪಲ್ ಇಯಿಂದ ಸತ್ತವು. ಅದೇ ಆವರಣದಲ್ಲಿದ್ದ ಅವುಗಳ ಹತ್ತಿರದ ಬಂಧುಗಳಾದ ಸ್ಯಾಂಡ್‌ಹಿಲ್ ಕೊಕ್ಕರೆಗಳಿಗೆ ಏನೂ ಆಗಲಿಲ್ಲ. ಒಂದೇ ಸೊಳ್ಳೆ, ಒಂದೇ ವೈರಸ್, ಪಕ್ಕಪಕ್ಕದ ಎರಡು ಜಾತಿ. ಒಂದು ಸತ್ತಿತು, ಇನ್ನೊಂದು ಉಳಿಯಿತು. ಯಾವ ಹಕ್ಕಿ ಸಾಯುತ್ತದೆ ಎಂಬುದರಷ್ಟೇ ಯಾವುದು ಸಾಯುವುದಿಲ್ಲ ಎಂಬುದೂ ಮುಖ್ಯ ಎನ್ನುವ ಪಾಠ ಅದರಲ್ಲಿತ್ತು. ಬೆಳೆಸಿದ ಕೊಕ್ಕರೆಗಳಿಗೆ ಲಸಿಕೆ ಹಾಕುವ ಪರಿಪಾಠ ಅಲ್ಲಿಂದ ಶುರುವಾಯಿತು.

ಎಮು ಸಾಕುವವರೂ ಲಸಿಕೆಗೇ ಮೊರೆಹೋದರು. ಎಮುವಿಗೆಂದೇ ತಯಾರಾದ ಲಸಿಕೆ ಇರಲಿಲ್ಲ. ಪಶುವೈದ್ಯರು ಕುದುರೆಯ ಲಸಿಕೆಯನ್ನೇ ಚುಚ್ಚಿದರು. ಮುಂದೆ ನಡೆದ ಪ್ರಯೋಗಗಳಲ್ಲಿ ಲಸಿಕೆ ಪಡೆದ ಎಮುಗಳು ವೈರಸ್ ಕೊಟ್ಟರೂ ಬದುಕಿದವು, ಪಡೆಯದವು ಸತ್ತವು. ಆದರೆ ಈ ಉತ್ತರ ಗಟ್ಟಿಯಾಗುವ ಹೊತ್ತಿಗೆ ಎಮು ವ್ಯಾಪಾರವೇ ಮುಳುಗಿತ್ತು. ಮಾಂಸ ಕೇಳುವವರಿಲ್ಲದೆ 1990ರ ದಶಕದ ಕೊನೆಗೆ ಬೆಲೆ ಪಾತಾಳಕ್ಕಿಳಿದು, ಮೇವಿನ ಖರ್ಚು ಹೊರಲಾರದೆ ಕೆಲವರು ಬೇಲಿ ತೆಗೆದು ಹಕ್ಕಿಗಳನ್ನು ರಸ್ತೆಗೆ ಬಿಟ್ಟರು. ವೈರಸ್ಸಿಗಿಂತ ಹೆಚ್ಚು ಫಾರಂಗಳನ್ನು ಮುಚ್ಚಿಸಿದ್ದು ಮಾರುಕಟ್ಟೆ. ಪಶುವೈದ್ಯರಲ್ಲಿ ಮಾತ್ರ ಒಂದು ಜ್ಞಾನ ಉಳಿಯಿತು: ಸುತ್ತಮುತ್ತ ಟ್ರಿಪಲ್ ಇ ಇದ್ದರೆ ಮೊದಲು ಸಾಯುವುದು ಎಮು.

ಆ ಜ್ಞಾನ ಕೆಲಸಕ್ಕೆ ಬಂದದ್ದು 1999ರಲ್ಲಿ, ನ್ಯೂಯಾರ್ಕ್ ಮಹಾನಗರದಲ್ಲಿ.

ಆ ಬೇಸಗೆಯಲ್ಲಿ ಕ್ವೀನ್ಸ್ ಭಾಗದಲ್ಲಿ ಕಾಗೆಗಳು ಸತ್ತು ಬೀಳುತ್ತಿದ್ದವು. ಆಗಸ್ಟ್ 23ರಂದು ಅಲ್ಲಿನ ಫ್ಲಶಿಂಗ್ ಆಸ್ಪತ್ರೆಯ ವೈದ್ಯೆ ಡೆಬೋರಾ ಆಸ್ನಿಸ್ ನಗರದ ಆರೋಗ್ಯ ಇಲಾಖೆಗೆ ಫೋನ್ ಮಾಡಿದರು. ಇಬ್ಬರು ವಯಸ್ಸಾದ ರೋಗಿಗಳು. ಜ್ವರ, ಗೊಂದಲ, ಜೊತೆಗೆ ಕೈಕಾಲಿನ ಬಲ ಕುಗ್ಗುತ್ತಿದೆ. ಮಾಮೂಲಿ ಮಿದುಳು ಜ್ವರದಂತೆ ಕಾಣಲಿಲ್ಲ. ಇಲಾಖೆ ಹುಡುಕಿದಾಗ ಅಂಥವರೇ ಇನ್ನಷ್ಟು ಜನ ಸಿಕ್ಕರು. ಸೆಪ್ಟೆಂಬರ್ 3ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಇದು ಸೇಂಟ್ ಲೂಯಿಸ್ ಎನ್ಸೆಫಲೈಟಿಸ್ ಎಂದು ಘೋಷಿಸಿತು. ಅದೂ ಸೊಳ್ಳೆಯಿಂದ ಬರುವ ಕಾಯಿಲೆಯೇ. ಹೆಲಿಕಾಪ್ಟರುಗಳು ನಗರದ ಮೇಲೆ ಸೊಳ್ಳೆ ಕೊಲ್ಲುವ ಮೆಲಥಿಯಾನ್ ಸಿಂಪಡಿಸಿದವು. ಕಾಗೆಯ ವಿಚಾರವನ್ನು ಈ ಕಡತಕ್ಕೆ ಯಾರೂ ಸೇರಿಸಲಿಲ್ಲ.

ಅದೇ ವಾರ ಬ್ರಾಂಕ್ಸ್ ಮೃಗಾಲಯದಲ್ಲಿ ಫ್ಲೆಮಿಂಗೋ, ನೀರುಕಾಗೆ, ಫೆಸೆಂಟ್, ಬೋಳು ಹದ್ದು ಒಂದೊಂದಾಗಿ ಸಾಯತೊಡಗಿದವು. ಅಲ್ಲಿನ ರೋಗಶಾಸ್ತ್ರ ವಿಭಾಗದ ಮುಖ್ಯಸ್ಥೆ ಪಶುವೈದ್ಯೆ ಟ್ರೇಸಿ ಮೆಕ್‌ನಮಾರಾ ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದಾಗ ಮಿದುಳಿನಲ್ಲಿ ರಕ್ತಸ್ರಾವ, ಹೃದಯದ ಸ್ನಾಯುವಿಗೆ ಹಾನಿ ಕಂಡಿತು. ಊರಿನಲ್ಲಿ ಮನುಷ್ಯರಿಗೆ ಮಿದುಳು ಜ್ವರ, ಮೃಗಾಲಯದಲ್ಲಿ ಹಕ್ಕಿಗಳಿಗೂ ಮಿದುಳಿನ ರೋಗ. ಎರಡೂ ಒಂದೇ ಇರಬೇಕೆಂದು ಅವರಿಗೆ ಅನ್ನಿಸಿತು. ಆದರೆ ಸೇಂಟ್ ಲೂಯಿಸ್ ವೈರಸ್ ಹಕ್ಕಿಗಳ ರಕ್ತದಲ್ಲಿ ಬೆಳೆಯುತ್ತದೆಯೇ ಹೊರತು ಹಕ್ಕಿಗಳನ್ನು ಹೀಗೆ ಕೊಲ್ಲುವುದಿಲ್ಲ. ಹಾಗಾದರೆ ಇನ್ನಾವುದು?

ಅವರು ಸತ್ತ ಹಕ್ಕಿಗಳನ್ನು ಬಿಟ್ಟು ಬದುಕಿರುವ ಹಕ್ಕಿಗಳ ಕಡೆ ನೋಡಿದರು. ಮೃಗಾಲಯದ ಕೋಳಿಗಳು ಆರಾಮಾಗಿದ್ದವು. ರಾಣಿಖೇತ್ ರೋಗವೋ ಹಕ್ಕಿ ಜ್ವರವೋ ಆಗಿದ್ದರೆ ಕೋಳಿಗಳು ಮೊದಲು ಸಾಯಬೇಕಿತ್ತು. ಎಮುಗಳೂ ಆರಾಮಾಗಿದ್ದವು. ಟ್ರಿಪಲ್ ಇ ಆಗಿದ್ದರೆ ಎಮುಗಳು ರಕ್ತ ಕಕ್ಕಿ ಬಿದ್ದಿರಬೇಕಿತ್ತು. ಲೂಸಿಯಾನಾದ ರೈತ ಹತ್ತಾರು ಸಾವಿರ ಡಾಲರ್ ತೆತ್ತು ಕಲಿತ ಪಾಠ ಇಲ್ಲಿ ಪುಕ್ಕಟೆಯಾಗಿ ಉತ್ತರ ಕೊಟ್ಟಿತು. ಮನುಷ್ಯರನ್ನೂ ಹಕ್ಕಿಗಳನ್ನೂ ಕೊಲ್ಲುವ ಅಮೆರಿಕದ ವೈರಸ್‌ಗಳಲ್ಲಿ ಎದ್ದು ಕಾಣುತ್ತಿದ್ದುದು ಟ್ರಿಪಲ್ ಇ. ಅದೂ ಅಲ್ಲವೆಂದಾದರೆ ಉಳಿಯುವುದು ಒಂದೇ: ಈ ಖಂಡಕ್ಕೆ ಹೊಸದಾಗಿ ಬಂದದ್ದು.

ಮೆಕ್‌ನಮಾರಾ ಸಿಡಿಸಿಗೆ ಫೋನ್ ಮಾಡಿದರು. ಮನುಷ್ಯರ ರೋಗಕ್ಕೂ ಮೃಗಾಲಯದ ಹಕ್ಕಿಗಳಿಗೂ ಸಂಬಂಧವಿಲ್ಲ ಎಂಬ ಧೋರಣೆ ಅಲ್ಲಿಂದ ಬಂತು. ಅವರು ಸುಮ್ಮನಾಗದೆ ಅಂಗಾಂಶದ ಮಾದರಿಗಳನ್ನು ಅಯೋವಾ ರಾಜ್ಯದ ಏಮ್ಸ್‌ನಲ್ಲಿರುವ ರಾಷ್ಟ್ರೀಯ ಪಶುವೈದ್ಯ ಪ್ರಯೋಗಾಲಯಕ್ಕೆ ಕಳಿಸಿದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡ ಕಣಗಳ ಅಗಲ ಸುಮಾರು 40 ನ್ಯಾನೋಮೀಟರ್. ಟ್ರಿಪಲ್ ಇ ಅದಕ್ಕಿಂತ ದೊಡ್ಡದು. ಈ ಅಳತೆ ಫ್ಲೇವಿವೈರಸ್ ಕುಟುಂಬದ್ದು. ಎಮುಗಳು ಮೌನವಾಗಿ ಹೇಳಿದ್ದನ್ನು ಯಂತ್ರವೂ ಹೇಳಿತು. ಬಳಿಕ ಅವರು ಮೇರಿಲ್ಯಾಂಡಿನ ಫೋರ್ಟ್ ಡೆಟ್ರಿಕ್‌ನಲ್ಲಿರುವ ಸೈನ್ಯದ ಸಂಶೋಧನಾ ಸಂಸ್ಥೆಯ ಬಾಗಿಲು ತಟ್ಟಿದರು. ಇತ್ತ ಕ್ಯಾಲಿಫೋರ್ನಿಯಾದಲ್ಲಿ ಇಯಾನ್ ಲಿಪ್ಕಿನ್ ಅವರ ತಂಡ ಸತ್ತ ರೋಗಿಗಳ ಮಿದುಳಿನ ಮಾದರಿಗಳನ್ನು ಪರೀಕ್ಷಿಸುತ್ತಿತ್ತು. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಎಲ್ಲ ದಾರಿಗಳೂ ಒಂದೇ ಕಡೆ ಬಂದು ಸೇರಿದವು. ಅದು 1937ರಲ್ಲಿ ಉಗಾಂಡಾದಲ್ಲಿ ಮೊದಲು ಪತ್ತೆಯಾದ, ಅಮೆರಿಕ ಖಂಡದಲ್ಲಿ ಅಲ್ಲಿಯವರೆಗೆ ಯಾರೂ ಕಂಡಿರದ ವೆಸ್ಟ್ ನೈಲ್ ವೈರಸ್. ಇಸ್ರೇಲಿನಲ್ಲಿ 1998ರಲ್ಲಿ ಸತ್ತ ಹೆಬ್ಬಾತಿನಿಂದ ಸಿಕ್ಕ ತಳಿಗೆ ಅದು ತೀರ ಹತ್ತಿರ.

ಆ ವರ್ಷ ನ್ಯೂಯಾರ್ಕ್ ಪ್ರದೇಶದಲ್ಲಿ 62 ಜನರಿಗೆ ರೋಗ ಬಂದು 7 ಮಂದಿ ಸತ್ತರು. 2003ರ ಹೊತ್ತಿಗೆ ವೈರಸ್ ಖಂಡವನ್ನು ದಾಟಿ, ಆ ಒಂದು ವರ್ಷದಲ್ಲೇ 9,800ಕ್ಕೂ ಹೆಚ್ಚು ಜನರನ್ನು ಕಾಡಿತು. ಹಕ್ಕಿ ವೈದ್ಯರ ಮಾತನ್ನು ಎರಡು ವಾರ ಮೊದಲೇ ಕೇಳಿದ್ದರೆ ವೈರಸ್ ಅಲ್ಲೇ ನಿಲ್ಲುತ್ತಿತ್ತು ಎನ್ನಲಾಗದು. ಸೊಳ್ಳೆಗೆ ಮದ್ದು ಹೊಡೆಯುವ ಕೆಲಸ ಹೇಗೂ ನಡೆದಿತ್ತು. ಆದರೆ ಒಂದು ದೇಶದ ಆರೋಗ್ಯ ವ್ಯವಸ್ಥೆ ಹೊಸ ರೋಗವನ್ನು ಹಳೆಯ ಹೆಸರಿನಿಂದ ಮೂರು ವಾರ ಕರೆಯುತ್ತಿತ್ತು. ಮರುವರ್ಷ ಅಮೆರಿಕದ ಸಂಸತ್ತಿಗೆ ಸಲ್ಲಿಕೆಯಾದ ಲೆಕ್ಕಪರಿಶೋಧಕರ ವರದಿ ಮನುಷ್ಯ ಮತ್ತು ಪ್ರಾಣಿಗಳ ಆರೋಗ್ಯ ಇಲಾಖೆಗಳ ನಡುವಿನ ಸಂಪರ್ಕದ ಕೊರತೆಯನ್ನು ಎತ್ತಿ ತೋರಿತು. 2000ದಿಂದ ಸಿಡಿಸಿ ಮನುಷ್ಯರು, ಕುದುರೆಗಳು, ಹಕ್ಕಿಗಳು, ಸೊಳ್ಳೆಗಳು ಎಲ್ಲದರ ಮಾಹಿತಿಯನ್ನು ಒಂದೇ ಕಡೆ ಸೇರಿಸುವ ಆರ್ಬೋನೆಟ್ ವ್ಯವಸ್ಥೆ ಆರಂಭಿಸಿತು. ಸತ್ತ ಕಾಗೆಯನ್ನು ಕಂಡರೆ ತಿಳಿಸಿ ಎಂದು ಜನರಿಗೆ ಹೇಳಲಾಯಿತು.

ಎಮುವಿನ ಸರದಿ ಇನ್ನೂ ಮುಗಿದಿರಲಿಲ್ಲ. ಕೆನಡಾಕ್ಕೆ ತಾಗಿದ ವರ್ಮಾಂಟ್ ಚಳಿಯ ರಾಜ್ಯ. ಟ್ರಿಪಲ್ ಇ ಅಲ್ಲಿ ಅದುವರೆಗೆ ಹಾವಳಿ ಮಾಡಿರಲೇ ಇಲ್ಲ. 2010ರ ಬೇಟೆಯ ಕಾಲದಲ್ಲಿ ಸಂಗ್ರಹಿಸಿದ ಜಿಂಕೆಗಳ ರಕ್ತ ಪರೀಕ್ಷಿಸಿದಾಗ ಸುಮಾರು ಹತ್ತರಲ್ಲೊಂದರಲ್ಲಿ ವೈರಸ್ ವಿರುದ್ಧದ ಪ್ರತಿಕಾಯ ಇತ್ತು. ಅಂದರೆ ವೈರಸ್ ಸದ್ದಿಲ್ಲದೆ ಬಂದು ಕೂತಿತ್ತು. 2011ರ ಸೆಪ್ಟೆಂಬರಿನಲ್ಲಿ ರಟ್ಲಂಡ್ ಕೌಂಟಿಯ ಒಂದು ಫಾರಂನಲ್ಲಿ ಎಮುಗಳು ಸತ್ತವು; ಅದು ಆ ರಾಜ್ಯದ ಮೊದಲ ಟ್ರಿಪಲ್ ಇ ಹಾವಳಿ. ಮರುವರ್ಷ, 2012ರಲ್ಲಿ, ಅದೇ ಕೌಂಟಿಯ ಇಬ್ಬರು ಅದೇ ರೋಗದಿಂದ ತೀರಿಕೊಂಡರು. ರಾಜ್ಯದಲ್ಲಿ ಮನುಷ್ಯರಿಗೆ ಅದು ಬಂದದ್ದು ಅದೇ ಮೊದಲು. ಜಿಂಕೆ, ಎಮು, ಮನುಷ್ಯ: ಒಂದೊಂದು ವರ್ಷದ ಅಂತರದಲ್ಲಿ ಸಾಕ್ಷಿಗಳು ಸಾಲಾಗಿ ಬಂದಿದ್ದರು. 2019ರಲ್ಲಿ ಅಮೆರಿಕದಾದ್ಯಂತ 38 ಜನರಿಗೆ ಟ್ರಿಪಲ್ ಇ ತಗುಲಿತು. ಸಾಮಾನ್ಯ ವರ್ಷಗಳಲ್ಲಿ ಈ ಸಂಖ್ಯೆ ಹತ್ತರ ಆಸುಪಾಸು. ರೋಗ ಬಂದವರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಸಾಯುತ್ತಾರೆ, ಬದುಕಿದವರಲ್ಲೂ ಹಲವರಿಗೆ ಮಿದುಳಿನ ಹಾನಿ ಜೀವನಪೂರ್ತಿ ಉಳಿಯುತ್ತದೆ. ಕುದುರೆಗೆ ಲಸಿಕೆಯಿದೆ, ಎಮುವಿಗೂ ಅದೇ ನಡೆಯುತ್ತದೆ; ಜನಸಾಮಾನ್ಯರಿಗೆ ಸಿಗುವ ಲಸಿಕೆ ಇಂದಿಗೂ ಇಲ್ಲ.

ಟ್ರಿಪಲ್ ಇ ನಮ್ಮ ದೇಶದ ರೋಗವಲ್ಲ. ಎಮು ಹುಚ್ಚು ಮಾತ್ರ ನಮಗೂ ಬಂದು ಹೋಯಿತು. ಆಂಧ್ರ, ಮಹಾರಾಷ್ಟ್ರ, ತಮಿಳುನಾಡು, ಕರ್ನಾಟಕಗಳಲ್ಲಿ ಫಾರಂಗಳು ಎದ್ದವು. 2012ರಲ್ಲಿ ಈರೋಡ್ ಜಿಲ್ಲೆಯ ಪೆರುಂದುರೈ ಸುತ್ತ ಹಣ ಹೂಡಿದವರು ಬೀದಿಗೆ ಬಂದರು, ಹಸಿದ ಹಕ್ಕಿಗಳಿಗೆ ಸರ್ಕಾರವೇ ಮೇವು ಹಾಕಬೇಕಾಯಿತು. ಆದರೆ ಎಮು ಕಲಿಸಿದ ಪಾಠವನ್ನು ಕನ್ನಡ ನಾಡು ಅದಕ್ಕೂ ಮೊದಲೇ ಕಲಿತಿತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿವೆ ಎಂಬ ಸುದ್ದಿಯ ಬೆನ್ನು ಹತ್ತಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಹಳದಿ ಜ್ವರ ಭಾರತಕ್ಕೆ ಬಂತೇ ಎಂಬ ಭಯದಲ್ಲಿ ಬಂದವರಿಗೆ ಸಿಕ್ಕಿದ್ದು ಉಣ್ಣೆಯಿಂದ ಹರಡುವ, ಜಗತ್ತಿಗೇ ಹೊಸದಾದ ವೈರಸ್. ಅದೇ ಮಂಗನ ಕಾಯಿಲೆ. ಸತ್ತ ಮಂಗನ ಸುದ್ದಿಯನ್ನು ಯಾರೂ ಕಡೆಗಣಿಸಲಿಲ್ಲವಾದ್ದರಿಂದ ರೋಗಕ್ಕೆ ಬೇಗ ಹೆಸರು ಸಿಕ್ಕಿತು. 1970ರ ದಶಕದ ಕೊನೆಗೆ ಕೋಲಾರದ ಮಕ್ಕಳನ್ನು ಕಾಡಿದ ಜಪಾನೀಸ್ ಮಿದುಳು ಜ್ವರವೂ ಸೊಳ್ಳೆಯದೇ. ಹಂದಿ, ಬೆಳ್ಳಕ್ಕಿಗಳಲ್ಲಿ ಬೆಳೆದು ಮನುಷ್ಯನಿಗೆ ಬರುವಂಥದು. ವೆಸ್ಟ್ ನೈಲ್ ಜ್ವರ ನೆರೆಯ ಕೇರಳದಲ್ಲಿ ಆಗಾಗ ಕಾಣಿಸಿಕೊಳ್ಳುತ್ತಿದೆ.

ಇಂಥ ರೋಗಗಳ ಮೊದಲ ವರದಿ ಆಸ್ಪತ್ರೆಯಲ್ಲಿ ಹುಟ್ಟುವುದಿಲ್ಲ. ದೊಡ್ಡಿಯಲ್ಲಿ, ತೋಟದಲ್ಲಿ, ಕಾಡಂಚಿನಲ್ಲಿ ಹುಟ್ಟುತ್ತದೆ. ಮಂಗ, ಕಾಗೆ, ಕೋಳಿ, ಬಾತು ಕಾರಣ ತಿಳಿಯದೆ ಗುಂಪಾಗಿ ಸತ್ತಿದ್ದು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಹೂಳಿ ಕೈ ತೊಳೆದುಕೊಂಡು ಸುಮ್ಮನಾಗಬೇಡಿ. ಹತ್ತಿರದ ಪಶುವೈದ್ಯ ಆಸ್ಪತ್ರೆಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ, ಎರಡಕ್ಕೂ ತಿಳಿಸಿ. ಯಾವ ಪ್ರಾಣಿ ಸತ್ತಿದೆ ಎಂದು ಹೇಳುವಾಗ, ಪಕ್ಕದಲ್ಲೇ ಇದ್ದೂ ಯಾವುದು ಆರೋಗ್ಯವಾಗಿದೆ ಎಂಬುದನ್ನೂ ಹೇಳಿ.